ಪಕ್ಕದ ದೇಶದವರ ಕಾಲೆಳೆಯುವಾಗ ತಮಾಷೆ ಎಲ್ಲಿಗೆ ಮುಗಿಯುತ್ತದೆ?

ಓದುಗರ ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವವರಲ್ಲಿ ಒಬ್ಬರು ಪಕ್ಕದ ದೇಶದವರು. ಎರಡು ದೇಶಗಳಿಗೂ ಅಷ್ಟಕ್ಕಷ್ಟೆ. ಮ್ಯಾಚ್ ಇದ್ದ ದಿನ ನಾವಿಬ್ಬರೂ ಚೆನ್ನಾಗಿ ಕಾಲೆಳೆದುಕೊಳ್ಳುತ್ತೇವೆ. ಮೊನ್ನೆ ಹೀಗೇ ಏನೋ ಒಂದು ಮಾತು ಅಂದೆ. ಅವರು ನಗಲಿಲ್ಲ, ಎದ್ದು ಹೋದರು. ನಾನು ಸುಮ್ನೆ ತಮಾಷೆಗೆ ಅಂದಿದ್ದು. ಯಾವುದು ತಮಾಷೆ, ಯಾವುದು ಅವಮಾನ ಅಂತ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಏನು ಅಂದಿರಿ ಎಂದು ನೀವು ಬರೆದಿಲ್ಲ. ಪರವಾಗಿಲ್ಲ. ಬರೆದಿದ್ದರೂ ಆ ಮಾತನ್ನಷ್ಟೇ ನೋಡಿ ತೀರ್ಪು ಕೊಡಲು ಆಗುತ್ತಿರಲಿಲ್ಲ. ಅವೇ ಎರಡು ದೇಶಗಳ ನಡುವೆ ಅದೇ ಮಾತು ಒಂದು ಕಾಲಕ್ಕೆ ಬೈಗುಳ, ಇನ್ನೊಂದು ಕಾಲಕ್ಕೆ ಜೋಕ್ ಆಗಿರುವುದುಂಟು. ಒಂದು ಸೈಕಲ್ಲಿನ ಕಥೆ ಹೇಳುತ್ತೇನೆ, ಕೇಳಿ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ನೆದರ್ಲೆಂಡ್ಸನ್ನು ಐದು ವರ್ಷ ಹಿಡಿದಿಟ್ಟುಕೊಂಡಿತ್ತು. ಯುದ್ಧದ ಕೊನೆಕೊನೆಗೆ ಜರ್ಮನ್ ಸೈನಿಕರು ಡಚ್ಚರ ಸೈಕಲ್‌ಗಳನ್ನು ಕಿತ್ತುಕೊಂಡರು. ಡಚ್ಚರಿಗೆ ಸೈಕಲ್ ಅಂದರೆ ಕಾಲಿದ್ದ ಹಾಗೆ. ಯುದ್ಧ ಮುಗಿದ ಮೇಲೂ ಜರ್ಮನರನ್ನು ಕಂಡರೆ ಅವರ ಬಾಯಲ್ಲಿ ಒಂದೇ ಮಾತು: ‘ನನ್ನ ಸೈಕಲ್ ವಾಪಸ್ ಕೊಡು.’ 1966ರ ಮಾರ್ಚ್‌ 10ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ರಾಜಕುಮಾರಿ ಬಿಯಾಟ್ರಿಕ್ಸ್ ಮದುವೆ ನಡೆಯಿತು. ವರ ಕ್ಲಾಸ್ ಜರ್ಮನ್, ಹುಡುಗನಾಗಿದ್ದಾಗ ಜರ್ಮನ್ ಸೇನೆಯಲ್ಲಿದ್ದವರು. ಬೀದಿಯಲ್ಲಿ ಹೊಗೆಬಾಂಬ್ ಸಿಡಿದವು. ಜನ ಅದೇ ಸೈಕಲ್ ಘೋಷಣೆ ಕೂಗಿದರು. ಅವತ್ತು ಅದು ತಮಾಷೆ ಆಗಿರಲಿಲ್ಲ. ಯುದ್ಧ ಮುಗಿದು ಇಪ್ಪತ್ತೊಂದೇ ವರ್ಷ ಆಗಿತ್ತು. ಸೈಕಲ್ ಕಳೆದುಕೊಂಡವರು, ಮನೆಯವರನ್ನೇ ಕಳೆದುಕೊಂಡವರು ಆ ಗುಂಪಿನ ಸುತ್ತಮುತ್ತ ಬದುಕಿದ್ದರು.

1988ಕ್ಕೆ ಬನ್ನಿ. ಯೂರೋ ಕಪ್ ಸೆಮಿಫೈನಲ್, ಹ್ಯಾಂಬರ್ಗ್. ಜರ್ಮನರ ನೆಲದಲ್ಲೇ ಡಚ್ಚರು ಪಶ್ಚಿಮ ಜರ್ಮನಿಯನ್ನು 2–1ರಿಂದ ಸೋಲಿಸಿದರು. ಆ ದಿನಗಳ ಡಚ್ ಅಭಿಮಾನಿಗಳ ಬ್ಯಾನರ್ ಏನು ಗೊತ್ತಾ? ‘ಅಜ್ಜೀ, ನಿನ್ನ ಸೈಕಲ್ ಸಿಕ್ಕಿತು!’ ಮಾತು ಹಳೆಯದೇ. ಆದರೆ ಈಗ ಅದನ್ನು ಹೇಳುತ್ತಿರುವುದು ಸೈಕಲ್ ಕಳೆದುಕೊಂಡವರಲ್ಲ, ಮೊಮ್ಮಕ್ಕಳು. ಕೋಪ ಪೂರ್ತಿ ಇಳಿದಿತ್ತು ಅಂತಲ್ಲ. ಅದೇ ಪಂದ್ಯ ಮುಗಿದ ಮೇಲೆ ಡಚ್ ಆಟಗಾರ ರೊನಾಲ್ಡ್ ಕೂಮನ್, ಎದುರಾಳಿಯಿಂದ ಪಡೆದ ಜರ್ಮನ್ ಅಂಗಿಯಲ್ಲಿ ಹಿಂಭಾಗ ಒರೆಸಿಕೊಂಡಂತೆ ನಟಿಸಿದರು. ಎರಡು ವರ್ಷದ ನಂತರ ವಿಶ್ವಕಪ್‌ನಲ್ಲಿ ಫ್ರಾಂಕ್ ರೈಕಾರ್ಡ್ ಜರ್ಮನಿಯ ರೂಡಿ ಫೊಲರ್ ಮೇಲೆ ಉಗಿದರು. ಮುಂದೆ ಅವರಿಬ್ಬರೇ ಸ್ನಾನದ ನಿಲುವಂಗಿ ತೊಟ್ಟು ಒಟ್ಟಿಗೆ ಕೂತು ಬೆಣ್ಣೆಯ ಜಾಹೀರಾತು ಮಾಡಿದರು. ಕ್ಲಾಸ್ ಕೂಡ ಕಾಲ ಕಳೆದಂತೆ ಡಚ್ಚರ ಅಚ್ಚುಮೆಚ್ಚಿನವರಾದರು. ಇವತ್ತು ಆ ಸೈಕಲ್ ಮಾತಿಗೆ ಸಾಮಾನ್ಯವಾಗಿ ಇಬ್ಬರೂ ನಗುತ್ತಾರೆ.

ಮಾತಿನ ಅಡಿಯಲ್ಲಿ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಆ ಲೆಕ್ಕ ಚುಕ್ತಾ ಆಗಿದೆಯಾ, ಇಲ್ಲ ಬಾಕಿ ಇದೆಯಾ? ನಗು ಬರುವುದೂ ಬಾರದಿರುವುದೂ ಜಾಸ್ತಿ ಅದರ ಮೇಲೆ ನಿಂತಿದೆ.

ಇನ್ನೊಂದು ವಿಷಯ ಗಮನಿಸಿ. ಸೈಕಲ್ ಜೋಕ್ ಡಚ್ಚರ ಬಾಯಲ್ಲಿ ಚೆಂದ. ಅದನ್ನೇ ಒಬ್ಬ ಜರ್ಮನ್ ತಿರುಗಿಸಿ, ‘ನಿಮ್ಮಜ್ಜಿ ಸೈಕಲ್ ಇನ್ನೂ ನಮ್ಮ ಶೆಡ್ಡಲ್ಲೇ ಇದೆ’ ಅಂದರೆ? ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ, ಅಲ್ವಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ. ಪೆಟ್ಟು ತಿಂದವರು ಪೆಟ್ಟಿನ ಬಗ್ಗೆ ಜೋಕ್ ಮಾಡಬಹುದು. ಕೊಟ್ಟವರು ಮಾಡಿದರೆ ಅದು ಎರಡನೇ ಪೆಟ್ಟು.

ಹಾಗಾದರೆ ಪೆಟ್ಟು ಕೊಟ್ಟವರು ಎಂದೂ ಬಾಯಿ ತೆರೆಯಬಾರದಾ? ತೆರೆಯಬಹುದು, ಒಂದು ದಾರಿ ಇದೆ. 1981ರ ಫೆಬ್ರವರಿ 1, ಮೆಲ್ಬರ್ನ್. ಆಸ್ಟ್ರೇಲಿಯಾ ವಿರುದ್ಧ ನ್ಯೂಜಿಲೆಂಡ್‌ಗೆ ಟೈ ಮಾಡಿಕೊಳ್ಳಲು ಕೊನೆಯ ಎಸೆತದಲ್ಲಿ ಆರು ರನ್ ಬೇಕು. ಆಸ್ಟ್ರೇಲಿಯಾ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ಉರುಳುವ ಚೆಂಡನ್ನು ಸಿಕ್ಸರ್ ಎತ್ತುವುದು ಹೇಗೆ? ಬ್ರಯಾನ್ ಮೆಕೆಕ್ನಿ ಅದನ್ನು ತಡೆದು, ಸಿಟ್ಟಿನಿಂದ ಬ್ಯಾಟ್ ಎಸೆದರು. ಆಗಿನ ನಿಯಮದಲ್ಲಿ ಅದು ತಪ್ಪಲ್ಲ. ಆದರೂ ನ್ಯೂಜಿಲೆಂಡ್ ಪ್ರಧಾನಿ ರಾಬರ್ಟ್ ಮಲ್ಡೂನ್ ಕಿಡಿಕಾರಿದರು. ಆಸ್ಟ್ರೇಲಿಯಾದವರು ಹಳದಿ ಬಟ್ಟೆ ಹಾಕಿದ್ದು ಸರಿಯಾಗೇ ಇದೆ ಎಂದು ಕುಟುಕಿದರು. ಅವರ ಭಾಷೆಯಲ್ಲಿ ಹಳದಿ ಎಂದರೆ ಹೇಡಿಯ ಬಣ್ಣ. ಈಗ 2005ರ ಫೆಬ್ರವರಿಗೆ ಬನ್ನಿ. ಆಕ್ಲೆಂಡಿನಲ್ಲಿ ಅವೇ ಎರಡು ತಂಡಗಳು ಪುರುಷರ ಮೊದಲ ಅಂತರರಾಷ್ಟ್ರೀಯ ಟಿ20 ಆಡುತ್ತಿದ್ದವು. ಆಸ್ಟ್ರೇಲಿಯಾ ಗೆಲ್ಲುವುದು ಖಚಿತವಾಗಿತ್ತು. ಕೊನೆಯಲ್ಲಿ ಗ್ಲೆನ್ ಮೆಕ್‌ಗ್ರಾ ಓಡಿ ಬಂದವರೇ ಚೆಂಡು ಉರುಳಿಸುವಂತೆ ನಟಿಸಿದರು. ಅಂಪೈರ್ ಬಿಲ್ಲಿ ಬೌಡನ್ ಸುಮ್ಮನಿರುವವರಲ್ಲ. ಜೇಬಿನಿಂದ ಫುಟ್‌ಬಾಲಿನ ಕೆಂಪು ಕಾರ್ಡ್ ತೆಗೆದು ತೋರಿಸಿದರು. ನ್ಯೂಜಿಲೆಂಡ್ ಜನ ನಕ್ಕರು. ಯಾಕೆ ನಕ್ಕರು? ಅಲ್ಲಿ ನಗೆಪಾಟಲಾದದ್ದು ಆಸ್ಟ್ರೇಲಿಯಾದ ಹಳೆಯ ತಪ್ಪು, ನ್ಯೂಜಿಲೆಂಡಿನ ಹಳೆಯ ನೋವಲ್ಲ.

ಈ ಕಾಲೆಳೆತ ಹುಟ್ಟುವುದಾದರೂ ಯಾಕೆ ಅನ್ನುವುದನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ‘ಕೀಟಲೆಯ ಸಂಬಂಧ’ಗಳ ಬಗ್ಗೆ ಬರೆದರು. ಭಾವ-ಮೈದುನರನ್ನು ನೆನೆಸಿಕೊಳ್ಳಿ. ಹತ್ತಿರ ಇರಲೇಬೇಕು, ಆದರೆ ಹಿತಾಸಕ್ತಿ ಬೇರೆ. ಜಗಳ ಆಗುವ ಸಾಧ್ಯತೆ ಯಾವಾಗಲೂ ಇದೆ. ಅದಕ್ಕೇ ಅವರಿಗೆ ಪರಸ್ಪರ ಗೇಲಿ ಮಾಡುವ ಪರವಾನಗಿ ಇರುತ್ತದೆ, ಜೊತೆಗೆ ಕೋಪ ಮಾಡಿಕೊಳ್ಳಬಾರದು ಎಂಬ ಕಟ್ಟಳೆಯೂ ಇರುತ್ತದೆ. ನೆರೆ ದೇಶಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಬಿಟ್ಟು ಹೋಗಲು ಆಗುವುದಿಲ್ಲ. ‘ದಡ್ಡ’ ಜೋಕುಗಳನ್ನು ಜಗತ್ತಿನೆಲ್ಲೆಡೆಯಿಂದ ಹೆಕ್ಕಿ ನೋಡಿದ ಸಮಾಜಶಾಸ್ತ್ರಜ್ಞ ಕ್ರಿಸ್ಟಿ ಡೇವಿಸ್ ಕಂಡದ್ದೂ ಮಜವಾಗಿದೆ. ಜನ ಇಂಥ ಜೋಕನ್ನು ಕಟ್ಟಾ ಶತ್ರುವಿನ ಮೇಲೆ ಕಟ್ಟುವುದು ಕಡಿಮೆ. ತಮ್ಮಂತೆಯೇ ಇರುವ, ಸ್ವಲ್ಪ ಅಂಚಿನಲ್ಲಿರುವ ನೆರೆಯವರ ಮೇಲೆ ಕಟ್ಟುವುದೇ ಜಾಸ್ತಿ. ಫ್ರೆಂಚರಿಗೆ ಬೆಲ್ಜಿಯಂನವರು, ಬ್ರೆಜಿಲ್‌ನವರಿಗೆ ಪೋರ್ಚುಗೀಸರು. ಸ್ವೀಡನ್ ಮತ್ತು ನಾರ್ವೆಯವರಂತೂ ಹೆಸರು ಅದಲುಬದಲು ಮಾಡಿ ಒಂದೇ ಜೋಕನ್ನು ಎರಡು ಕಡೆಯೂ ಹೇಳುತ್ತಾರೆ.

ಆದರೆ ಹಗುರವಾಗಿ ಕಾಣುವುದೆಲ್ಲ ಹಗುರವಲ್ಲ. ಘಾನಾ–ನೈಜೀರಿಯಾ ನೋಡಿ. ಜೊಲೊಫ್ ಎಂಬ ಟೊಮ್ಯಾಟೊ ಅನ್ನ ಯಾರದು ರುಚಿ ಅಂತ ಎರಡು ದೇಶದವರೂ ಇಂಟರ್ನೆಟ್ಟಿನಲ್ಲಿ ಹಗಲು ರಾತ್ರಿ ಕಿತ್ತಾಡುತ್ತಾರೆ. ಯಾರಿಗೂ ಗಾಯ ಆಗುವುದಿಲ್ಲ. (ಇವರು ಕಿತ್ತಾಡುತ್ತಿದ್ದ ಹಾಗೇ, ಜೊಲೊಫ್‌ನ ಮೂಲ ಎನ್ನಲಾಗುವ ಸೆನೆಗಲ್‌ನ ಮೀನು-ಅನ್ನ 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.) ಅವೇ ಎರಡು ದೇಶಗಳ ನಡುವೆ ಇನ್ನೊಂದು ಮಾತೂ ಇದೆ: ‘ಘಾನಾ ಮಸ್ಟ್ ಗೋ’. ಅಂದರೆ ಘಾನಾದವರು ಹೊರಡಲೇಬೇಕು. ಹೊರನೋಟಕ್ಕೆ ಅದೊಂದು ಚೀಲದ ಹೆಸರು. ಚೌಕಳಿ ಗೆರೆಯ, ಜಿಪ್ ಇರುವ, ಅಗ್ಗದ ದೊಡ್ಡ ಪ್ಲಾಸ್ಟಿಕ್ ಚೀಲ. ಆ ಹೆಸರು ಬಂದದ್ದು 1983ರಲ್ಲಿ. ಕಾಗದಪತ್ರ ಇಲ್ಲದ ವಿದೇಶಿಯರು ಕೂಡಲೇ ಹೊರಡಬೇಕೆಂದು ನೈಜೀರಿಯಾ ಸರ್ಕಾರ ಜನವರಿಯಲ್ಲಿ ಆದೇಶಿಸಿತು. ಸುಮಾರು ಹತ್ತು ಲಕ್ಷ ಘಾನಾದವರು ಕೈಗೆ ಸಿಕ್ಕಿದ್ದನ್ನು ಇಂಥ ಚೀಲಗಳಿಗೆ ತುರುಕಿಕೊಂಡು ಹೊರಟರು. ಅದಕ್ಕೂ ಮೊದಲು, 1969ರಲ್ಲಿ, ಘಾನಾ ಇದೇ ರೀತಿ ವಿದೇಶಿಯರನ್ನು ಹೊರಹಾಕಿತ್ತು. ಆಗ ಹೊರಟವರಲ್ಲಿ ನೈಜೀರಿಯಾದವರೇ ಬಹಳ. ಎರಡೂ ಕಡೆ ಬಾಕಿ ಇದೆ. ಅನ್ನದ ಮಾತಿಗೆ ನಗುವ ಅದೇ ಸ್ನೇಹಿತ ಚೀಲದ ಮಾತಿಗೆ ಮುಖ ತಿರುಗಿಸಬಹುದು. ಅವನ ಅಮ್ಮ ಅಂಥ ಚೀಲ ಹೊತ್ತು ನಡೆದಿರಬಹುದು. ನಿಮಗದು ಗೊತ್ತಿರುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನೂ ಸರಿ ಮಾಡಬೇಕು. ಕೆಣಕುವ ಮಾತಿನಿಂದಲೇ ದೇಶಗಳು ಯುದ್ಧಕ್ಕೆ ಹೋಗುತ್ತವೆ ಅನ್ನುವವರು 1969ರ ‘ಫುಟ್‌ಬಾಲ್ ಯುದ್ಧ’ದ ಹೆಸರು ಹೇಳುತ್ತಾರೆ. ಆ ಜೂನ್‌ನಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ವಿಶ್ವಕಪ್ ಅರ್ಹತೆಗಾಗಿ ಮೂರು ಪಂದ್ಯ ಆಡಿದವು. ಎದುರಾಳಿ ಆಟಗಾರರು ನಿದ್ದೆ ಮಾಡಬಾರದೆಂದು ರಾತ್ರಿಯಿಡೀ ಹೋಟೆಲ್ ಸುತ್ತ ಗಲಾಟೆ ಎಬ್ಬಿಸಿದ್ದೂ ನಿಜ. ಜುಲೈ 14ರಂದು ಯುದ್ಧ ಶುರುವಾಗಿ ಸುಮಾರು ನೂರು ಗಂಟೆ ನಡೆದದ್ದೂ ನಿಜ. ಆದರೆ ಬೆಂಕಿ ಇದ್ದದ್ದು ಮೈದಾನದಲ್ಲಲ್ಲ, ಹೊಲದಲ್ಲಿ. ಪುಟ್ಟ ಎಲ್ ಸಾಲ್ವಡಾರ್‌ನಲ್ಲಿ ಭೂಮಿ ಸಾಲದೆ ಸುಮಾರು ಮೂರು ಲಕ್ಷ ಜನ ಹೊಂಡುರಾಸ್‌ಗೆ ಹೋಗಿ ಉಳುಮೆ ಮಾಡಿಕೊಂಡಿದ್ದರು. ಭೂಸುಧಾರಣೆಯ ಹೆಸರಿನಲ್ಲಿ ಹೊಂಡುರಾಸ್ ಅವರನ್ನು ಎಬ್ಬಿಸತೊಡಗಿತ್ತು. ಮನೆಮಠ ಕಳೆದುಕೊಂಡವರು ಗಡಿ ದಾಟಿ ವಾಪಸ್ ಬರುತ್ತಿದ್ದಾಗ ಮ್ಯಾಚ್ ನಡೆಯಿತು, ಅಷ್ಟೆ. ಇಷ್ಟೆಲ್ಲ ಆಗಿ ವಿಶ್ವಕಪ್‌ಗೆ ಹೋದ ಎಲ್ ಸಾಲ್ವಡಾರ್ ಅಲ್ಲಿ ಒಂದೂ ಗೋಲು ಹೊಡೆಯದೆ ಮೂರೂ ಪಂದ್ಯ ಸೋತಿತು.

ತಗಾದೆ ಇದ್ದೂ ಹೊಲಗದ್ದೆ, ಜೀವ ಯಾವುದೂ ಹೋಗದಿದ್ದರೆ ಹೇಗಿರುತ್ತದೆ? ಅದಕ್ಕೆ ಹಾನ್ಸ್ ದ್ವೀಪ ಇದೆ. ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ಮತ್ತು ಕೆನಡಾ ನಡುವೆ, ಜನರೇ ಇಲ್ಲದ, ಸುಮಾರು ಒಂದೂಕಾಲು ಚದರ ಕಿಲೋಮೀಟರ್ ಬಂಡೆ. ಇದು ನಮ್ಮದು ಎಂದು ಕೆನಡಾದವರು 1984ರಲ್ಲಿ ಬಾವುಟ ನೆಟ್ಟು ಒಂದು ಬಾಟಲಿ ವಿಸ್ಕಿ ಇಟ್ಟು ಬಂದರು. ಡೆನ್ಮಾರ್ಕ್‌ನವರು ಹೋಗಿ ತಮ್ಮ ಬಾವುಟ ನೆಟ್ಟು, ತಮ್ಮ ಬಾಟಲಿ ಇಟ್ಟರು. ಹೀಗೇ ವರ್ಷಗಟ್ಟಲೆ ನಡೆಯಿತು. 2022ರ ಜೂನ್‌ನಲ್ಲಿ ದ್ವೀಪವನ್ನು ಪಾಲು ಮಾಡಿಕೊಂಡು ಸಹಿ ಹಾಕಿದಾಗಲೂ ಮಂತ್ರಿಗಳು ಬಾಟಲಿ ಬದಲಾಯಿಸಿಕೊಂಡರು.

ಇನ್ನು ಭಾರತ–ಪಾಕಿಸ್ತಾನ. ಈ ಮಾತು ಬಾರದೆ ಉತ್ತರ ಮುಗಿಯುವುದಿಲ್ಲ. ಇಲ್ಲಿ ಲೆಕ್ಕ ಚುಕ್ತಾ ಆಗಿಲ್ಲ, ಪುಟಗಳು ಸೇರುತ್ತಲೇ ಇವೆ. ಆದರೂ 2004ರ ಮಾರ್ಚ್‌ 13ರಂದು ಕರಾಚಿಯಲ್ಲಿ ಭಾರತ 349 ರನ್ ಹೊಡೆದು, ಪಾಕಿಸ್ತಾನ ಬರೀ ಐದು ರನ್ನಿನಿಂದ ಸೋತಾಗ, ಕೊನೆಯ ಎಸೆತದವರೆಗೂ ಉಸಿರು ಬಿಗಿಹಿಡಿದು ಕೂತಿದ್ದ ಅಲ್ಲಿನ ಜನ ಎದ್ದು ನಿಂತು ಭಾರತದವರಿಗೆ ಚಪ್ಪಾಳೆ ತಟ್ಟಿದರು. ಐದು ವರ್ಷ ಮೊದಲು ಚೆನ್ನೈ ಜನ ಗೆದ್ದ ಪಾಕಿಸ್ತಾನಕ್ಕೆ ಹೀಗೇ ತಟ್ಟಿದ್ದರು. ಎರಡು ಕಡೆಯೂ ಎದುರಿಗೆ ಮನುಷ್ಯರು ಕಾಣುತ್ತಿದ್ದರು.

2015ರ ವಿಶ್ವಕಪ್ ಹೊತ್ತಿಗೆ ‘ಮೌಕಾ ಮೌಕಾ’ (ಅಂದರೆ ಅವಕಾಶ) ಜಾಹೀರಾತು ಬಂತು. ಪಟಾಕಿ ಹಿಡಿದು ವರ್ಷಗಳಿಂದ ಕಾಯುವ ಪಾಕಿಸ್ತಾನಿ ಅಭಿಮಾನಿ, ವಿಶ್ವಕಪ್‌ನಲ್ಲಿ ಭಾರತದ ಎದುರು ಗೆಲುವೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಕೀಟಲೆ. ಗುರಿ ಇದ್ದದ್ದು ಸ್ಕೋರ್‌ಬೋರ್ಡಿನ ಮೇಲೆ, ಧರ್ಮದ ಮೇಲೋ ಸತ್ತವರ ಮೇಲೋ ಅಲ್ಲ. ತಿರುಗಿಸಿ ಕೊಡಲೂ ಬರುವಂಥದ್ದು. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ, ಟಿ20 ವಿಶ್ವಕಪ್ ಪಂದ್ಯದಲ್ಲಿ, ಪಾಕಿಸ್ತಾನ ಒಂದೂ ವಿಕೆಟ್ ಕಳೆದುಕೊಳ್ಳದೆ ಗೆದ್ದಾಗ ಅವರು ಬಡ್ಡಿ ಸಮೇತ ತಿರುಗಿಸಿದರು. ಅವತ್ತು ಮೀಮ್ ತಿಂದು ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಒಂದಷ್ಟು ಜನ ನಮ್ಮದೇ ಬೌಲರ್ ಮೊಹಮ್ಮದ್ ಶಮಿಯ ಧರ್ಮ ಹಿಡಿದು ಆನ್‌ಲೈನ್‌ನಲ್ಲಿ ಬೈದರು. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿ ಬೆನ್ನಿಗೆ ನಿಲ್ಲಬೇಕಾಯಿತು. ಹಗೆಯ ಗುರುತು ಇದೇ ಅನ್ನಿಸುತ್ತದೆ ನನಗೆ. ಪಕ್ಕದವರಿಗೆ ಅಂತ ಮಸೆದ ಮಾತು ಕೈಗೆ ಸಿಕ್ಕ ಮನೆಯವರ ಮೇಲೂ ಬೀಳುತ್ತದೆ. ಆನ್‌ಲೈನ್‌ನಲ್ಲಿ ಇದು ಜಾಸ್ತಿ. ಅಲ್ಲಿ ಎದುರಿಗಿರುವವರನ್ನು ನಗಿಸಬೇಕಾಗಿಲ್ಲ, ತಮ್ಮ ಗುಂಪಿನ ಲೈಕ್ ಸಿಕ್ಕರೆ ಸಾಕು.

ಮಾತೇ ನಿಂತುಹೋಗುವುದೂ ಉಂಟು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ, ಮೇ ತಿಂಗಳಲ್ಲಿ ಸೇನಾ ಸಂಘರ್ಷ. ಸೆಪ್ಟೆಂಬರಿನ ಏಷ್ಯಾ ಕಪ್‌ನಲ್ಲಿ ಎರಡು ತಂಡಗಳ ಆಟಗಾರರು ಕೈಯನ್ನೂ ಕುಲುಕಲಿಲ್ಲ. ಇಂಥ ವಾರದಲ್ಲಿ, ಹೋದ ವರ್ಷ ಇಬ್ಬರನ್ನೂ ನಗಿಸಿದ ಜೋಕ್ ಕೂಡ ನಡೆಯುವುದಿಲ್ಲ. ಸುದ್ದಿ ನೋಡದೆ ಬಾಯಿ ಬಿಡಬೇಡಿ ಅಂತ ಇದಕ್ಕೇ ಹೇಳುವುದು.

ಈಗ ನಿಮ್ಮ ವಿಷಯ. ‘ತಮಾಷೆಗೆ ಅಂದೆ’ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಅವರ ಎದುರು ಹೇಳಬೇಡಿ. ಹೇಳಿದರೆ ನಗಲಿಲ್ಲ ಎಂಬ ತಪ್ಪನ್ನೂ ಅವರ ತಲೆಗೇ ಕಟ್ಟಿದಂತಾಗುತ್ತದೆ. ನೀವಂದದ್ದು ಆಟದ ಬಗ್ಗೆಯಾ, ಊಟದ ಬಗ್ಗೆಯಾ, ಉಚ್ಚಾರಣೆಯ ಬಗ್ಗೆಯಾ? ಇಲ್ಲ, ಯಾರೋ ಸತ್ತದ್ದರ, ಊರು ಬಿಟ್ಟು ಓಡಿದ್ದರ, ಸೋತ ಯುದ್ಧದ ಬಗ್ಗೆಯಾ? ಒಮ್ಮೆ ನೆನೆಸಿಕೊಳ್ಳಿ. ಮೊದಲನೆಯದಾದರೆ ಅವರಿಗೆ ಅವತ್ತು ಬೇರೇನೋ ತಲೆಬಿಸಿ ಇದ್ದಿರಬಹುದು. ಎರಡನೆಯದಾದರೆ, ‘ಅವತ್ತು ನಾನು ಹಾಗೆ ಅನ್ನಬಾರದಿತ್ತು’ ಎಂಬ ಒಂದು ಸಾಲು ಸಾಕು. ಉದ್ದದ ವಿವರಣೆ ಬೇಡ. ಆಮೇಲೆ ನಿಮ್ಮ ತಂಡ ಸೋಲುವ ದಿನಕ್ಕೆ ಕಾಯಿರಿ, ಬಂದೇ ಬರುತ್ತದೆ. ಅವತ್ತು ಅವರಿಗಿಂತ ಮೊದಲು ನೀವೇ ನಿಮ್ಮ ತಂಡದ ಮೇಲಿನ ಮೀಮ್ ಒಂದನ್ನು ಅವರಿಗೆ ಕಳಿಸಿ.