ಕರ್ನಲ್ ಅಪ್‌ಡೇಟ್ ಹಾಕಿಯಾಯ್ತು, ಮತ್ತೆ ರೀಬೂಟ್ ಯಾಕೆ?

ಪ್ರಶ್ನೆ: ಉಡುಪಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮಕ್ಕಳೆಲ್ಲ ಲಾಗಿನ್ ಆಗುವ ಒಂದು ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್ ಇದೆ. ಸಾಮಾನ್ಯ ಯೂಸರ್ ಕೂಡ ರೂಟ್ (ಪೂರ್ತಿ ಅಧಿಕಾರವಿರುವ ಯೂಸರ್) ಆಗಿಬಿಡಬಹುದಾದ ದೋಷ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿದೆ ಎಂದು ಗೊತ್ತಾಗಿ ಅಪ್‌ಡೇಟ್ ಹಾಕಿದೆ. ಆದರೂ ಓಡುತ್ತಿರುವ ಕರ್ನಲ್ ಯಾವುದೆಂದು ಹೇಳುವ ‘ಯುನೇಮ್’ ಕಮಾಂಡ್ ಹಳೇ ಆವೃತ್ತಿಯನ್ನೇ ತೋರಿಸುತ್ತಿದೆ. ಪ್ಯಾಚ್ (ದೋಷಕ್ಕೆ ತೇಪೆ) ಆಗಿದೆಯಾ, ಇಲ್ವಾ?

ಉತ್ತರ: ಆಗಿಲ್ಲ. ಹೊಸ ಕರ್ನಲ್ ಡಿಸ್ಕ್‌ಗೆ ಬಂದು ಕೂತಿದೆ, ಅಷ್ಟೇ. ಓಡುತ್ತಿರುವುದು ಮೆಮೊರಿಯಲ್ಲಿರುವ ಹಳೆಯದು. ಬ್ರೌಸರ್ ಆದರೆ ಮುಚ್ಚಿ ತೆರೆದರೆ ಮುಗಿಯಿತು. ಕರ್ನಲ್ ಬದಲಾಗಬೇಕಾದರೆ ಇಡೀ ಮೆಷಿನ್ನೇ ರೀಬೂಟ್ ಆಗಬೇಕು. ಉಬುಂಟು ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿಯೇ ಹಾಕಿಕೊಂಡರೂ, ನಾವು ಹೇಳದೆ ರೀಬೂಟ್ ಮಾಡುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಎಷ್ಟೋ ಮೆಷಿನ್‌ಗಳಿಗೆ ಈ ಕೆಲಸ ತಾನಾಗಿಯೇ ಆಗಿಬಿಡುತ್ತದೆ. ನಿಮ್ಮಲ್ಲಿ ಯುಪಿಎಸ್ ಗಟ್ಟಿ ಇರಬೇಕು!

‘ಸರ್ವರ್ ಹೊರಗಿನವರಿಗೆ ಸಿಗೋದಿಲ್ಲ, ನಿಧಾನಕ್ಕೆ ಮಾಡಿದರಾಯ್ತು’ ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಇಂಥ ದೋಷಕ್ಕೆ ಬೇಕಾಗುವುದು ಒಂದು ಸಾಮಾನ್ಯ ಲಾಗಿನ್. ಅದನ್ನು ಲ್ಯಾಬ್‌ನಲ್ಲಿ ನಾವೇ ಎಲ್ಲರಿಗೂ ಕೊಟ್ಟಿರುತ್ತೇವಲ್ಲ?

2022ರ ‘ಡರ್ಟಿ ಪೈಪ್’ ನೋಡಿ. ಲಿನಕ್ಸ್ 5.8ರಿಂದ ಇದ್ದ ದೋಷ. ತಮ್ಮ ಕಂಪನಿಯ ಗಿರಾಕಿಗಳ ಲಾಗ್ ಫೈಲ್‌ಗಳು ಆಗಾಗ ಕೆಡುತ್ತಿದ್ದುದು ಯಾಕೆಂದು ಹುಡುಕುತ್ತಾ ಹೋದ ಡೆವಲಪರ್ ಮ್ಯಾಕ್ಸ್ ಕೆಲರ್‌ಮನ್ ಕೈಗೆ ಇದು ಸಿಕ್ಕಿತು. ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ಪೈಪ್‌ನ ಬಫರ್‌ನಲ್ಲಿ (ಡೇಟಾ ತಾತ್ಕಾಲಿಕವಾಗಿ ಇಡುವಲ್ಲಿ) ಗುರುತು ಹಾಕಲು ‘ಫ್ಲ್ಯಾಗ್ಸ್’ ಎಂಬ ಜಾಗ ಇದೆ. ಹೊಸ ಬಫರ್ ಮಾಡುವಾಗ ಅದನ್ನು ಸೊನ್ನೆ ಮಾಡಲು ಮರೆತಿದ್ದರು. ಹಿಂದಿನ ಮೌಲ್ಯ ಅಲ್ಲೇ ಉಳಿದು, ಓದಲು ಮಾತ್ರ ಅನುಮತಿ ಇರುವ ಫೈಲ್‌ನ ಮೆಮೊರಿ ಪ್ರತಿಯ ಮೇಲೂ ಬರೆಯಲು ದಾರಿಯಾಯಿತು. ಪಾಸ್‌ವರ್ಡ್ ಫೈಲ್‌ನಲ್ಲಿ ರೂಟ್‌ನ ಸಾಲು ತಿದ್ದಿದರೆ ಮೆಷಿನ್ ನಿಮ್ಮದೇ. ಪ್ಯಾಚ್‌ನಲ್ಲಿ ಸೇರಿಸಿದ್ದು ಬರೀ ಎರಡು ಸಾಲು: ಎರಡು ಕಡೆ ಫ್ಲ್ಯಾಗ್ಸ್ ಅನ್ನು ಸೊನ್ನೆ ಮಾಡುವುದು.

ರೀಬೂಟ್ ಆದ ಮೇಲೆ ಮತ್ತೆ ಯುನೇಮ್ ನೋಡಿ. ಲಿನಕ್ಸ್ ಕರ್ನಲ್ ತಯಾರಿಸುವವರು ಹೇಳಿದ ನಂಬರೇ ಕಾಣಬೇಕೆಂದಿಲ್ಲ. ಉಬುಂಟುವಿನವರು ಹಳೇ ಸರಣಿಗೇ ಪ್ಯಾಚ್ ತಂದು ಹಾಕುತ್ತಾರೆ, ಹಾಗಾಗಿ ಅವರದೇ ಭದ್ರತಾ ಪ್ರಕಟಣೆಯ ನಂಬರಿನ ಜೊತೆ ತಾಳೆ ನೋಡಿ.

ಓಡುತ್ತಿರುವಾಗಲೇ ತೇಪೆ ಹಚ್ಚುವ ಲೈವ್‌ಪ್ಯಾಚ್ ಕೂಡ ಇದೆ. ಎಲ್ಲ ದೋಷಕ್ಕೂ ಅದು ಸಿಗುವುದಿಲ್ಲ. ಲ್ಯಾಬ್‌ಗೆ ಭಾನುವಾರದ ರೀಬೂಟೇ ಸಾಕು.

ಹೊಸ ಕರ್ನಲ್‌ನಲ್ಲಿ ಮೆಷಿನ್ ಏಳದಿದ್ದರೆ ಹೆದರಬೇಡಿ. ಮೆಷಿನ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯದು ಇರುತ್ತದೆ, ಅದರಲ್ಲೇ ಶುರು ಮಾಡಿ. ಆದರೆ ಹಳೇ ದೋಷವೂ ಜೊತೆಗೇ ವಾಪಸ್ ಬಂದಿರುತ್ತದೆ. ಸರಿಯಾಗುವ ತನಕ ಮಕ್ಕಳ ಲಾಗಿನ್ ಬಂದ್ ಇಡಿ.