ತೆರಿಗೆ ಬಿಟ್ಟ ಜಾಗದ ನಕ್ಷೆ

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಈ 33 ಬಂದದ್ದು ಭೂಮಾಪಕರ ಸರಪಳಿಯಿಂದ. ಅದರ ಉದ್ದವೇ 33 ಅಡಿ. ಹಳೇ ರೂಪಾಯಿಗಿದ್ದಂತೆ ಅದಕ್ಕೂ 16 ಆಣೆ. ಒಂದು ಸರಪಳಿ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಮೈಸೂರು ಸೀಮೆಯಲ್ಲಿ 1863ರಲ್ಲಿ ಶುರುವಾದ ಕಂದಾಯ ಸರ್ವೆ ಇಂಥ ಸರಪಳಿ ಹಿಡಿದುಕೊಂಡು ಊರೂರು ಸುತ್ತಿತು. ಉದ್ದೇಶ ಒಂದೇ: ಯಾರ ಹತ್ತಿರ ಎಷ್ಟು ನೆಲ ಇದೆ, ಅದಕ್ಕೆ ಎಷ್ಟು ಕಂದಾಯ ಹಾಕಬಹುದು ಎಂದು ಗೊತ್ತು ಮಾಡಿಕೊಳ್ಳುವುದು.

ಹಾಗೆ ಅಳೆಯುವಾಗ ಕಂದಾಯ ಹಾಕಲು ಬಾರದ ಜಾಗವನ್ನೂ ಬರೆದಿಡಬೇಕಾಯಿತು. ಬಂಡೆ, ಕಲ್ಲುನೆಲ ಇದ್ದರೆ ಎ ಖರಾಬು. ಹಳ್ಳ, ಕಾಲುವೆ, ಬಂಡಿದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ ಬಿ ಖರಾಬು. ಇವನ್ನು ಲೆಕ್ಕದಿಂದ ಕಳೆದರೆ ತಾನೇ ರೈತನ ನಿಜವಾದ ಜಮೀನು ಸಿಗುವುದು? ಹೀಗೆ ಯಾರಿಗೂ ಬೇಡವಾಗಿದ್ದ ಜಾಗದ ನಕ್ಷೆಯೊಂದು ಸರ್ಕಾರದ ಕಪಾಟಿನಲ್ಲಿ ತನ್ನಷ್ಟಕ್ಕೆ ತಾನೇ ತಯಾರಾಯಿತು. ನೂರೈವತ್ತು ವರ್ಷ ಕಳೆದ ಮೇಲೆ, ಬೆಂಗಳೂರಿನಲ್ಲಿ ಮಳೆನೀರು ಮನೆಗೆ ನುಗ್ಗತೊಡಗಿದಾಗ, ಎಲ್ಲರೂ ಹುಡುಕಿದ್ದು ಇದೇ ನಕ್ಷೆಯನ್ನು.

ಒಂದು ಕೆಲಸಕ್ಕೆಂದು ಅಳೆದ ಮಾಹಿತಿ ಜನರ ಕೈಗೆ ಸಿಕ್ಕರೆ, ಅಳೆದವರು ಕನಸಿನಲ್ಲೂ ನೆನೆಯದ ಕೆಲಸಕ್ಕೆ ಬರುತ್ತದೆ. ಡಿಜಿಟಲ್ ನಕ್ಷೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸುವುದು ಇದೇ.

ಮೊದಲು ಕಾಗದ ಕಂಪ್ಯೂಟರಿಗೆ ಹೇಗೆ ಹೋಗುತ್ತದೆ ನೋಡೋಣ. ಪಹಣಿಗಳು 2000ದ ಸುಮಾರಿಗೇ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರ್ ಸೇರಿದವು. ಆದರೆ ಪಹಣಿ ಬರೀ ಅಕ್ಷರ, ಅಂಕಿ. ನಕ್ಷೆಯ ಕಷ್ಟವೇ ಬೇರೆ. ನಮ್ಮ ಗ್ರಾಮನಕ್ಷೆಗಳಲ್ಲಿ ಒಂದು ಅಂಗುಲಕ್ಕೆ 20 ಸರಪಳಿ, ಅಂದರೆ 660 ಅಡಿ. ಅದನ್ನು ಸ್ಕ್ಯಾನ್ ಮಾಡಿದರೆ ಸಿಗುವುದು ಒಂದು ಚಿತ್ರ ಅಷ್ಟೇ. ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂದು ಆ ಚಿತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಅಕ್ಷಾಂಶ, ರೇಖಾಂಶ ಕೊಡಬೇಕು. ಮೂರು ಊರಿನ ಗಡಿ ಸೇರುವ ಕಲ್ಲು, ಹಳೇ ದೇವಸ್ಥಾನ, ಕೆರೆ ಏರಿಯ ತುದಿ, ಹೀಗೆ ನಕ್ಷೆಯಲ್ಲೂ ಇರುವ, ಉಪಗ್ರಹದ ಚಿತ್ರದಲ್ಲೂ ಕಾಣುವ ಗುರುತುಗಳನ್ನು ಹುಡುಕಿ ಒಂದಕ್ಕೊಂದು ಹೊಂದಿಸುತ್ತಾರೆ. ಹಳೇ ಕಾಗದ ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಹಿಗ್ಗಿರುತ್ತದೆ. ಹಾಗಾಗಿ ಒದ್ದೆ ಪಂಚೆಯನ್ನು ನಾಲ್ಕು ಕಡೆ ಎಳೆದು ಸುಕ್ಕು ಬಿಡಿಸಿದ ಹಾಗೆ ನಕ್ಷೆಯನ್ನು ಎಳೆದು ಕೂರಿಸಬೇಕಾಗುತ್ತದೆ.

ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ಮತ್ತು ಸರ್ವೆ ಇಲಾಖೆಯ ಇಂಥ ಕೆಲಸದ ಫಲವೇ ‘ದಿಶಾಂಕ್’ ಆ್ಯಪ್. ಫೋನ್ ಹಿಡಿದು ಒಂದು ಹೊಲದಲ್ಲಿ ನಿಂತರೆ ಸಾಕು, ಅದು ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಸೈಟು ಕೊಳ್ಳುವವರು ಈಗ ಬ್ರೋಕರ್ ಮಾತು ಕೇಳುವ ಮೊದಲು ಇದನ್ನು ತೆರೆದು ನೋಡುತ್ತಾರೆ. ಕೆರೆ ಅಂಗಳವೋ, ರಾಜಕಾಲುವೆಯೋ, ಸರ್ಕಾರಿ ಜಾಗವೋ ಎಂಬ ಸುಳಿವು ಅಲ್ಲೇ ಸಿಗುತ್ತದಲ್ಲ!

ಸುಳಿವು ಅಂತಲೇ ಹೇಳಿದೆ, ಸಾಕ್ಷಿ ಅನ್ನಲಿಲ್ಲ. ಮೂಲ ಗ್ರಾಮನಕ್ಷೆಯ ಅಳತೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ, ನೆಲದ ಮೇಲೆ ಅದು ಸುಮಾರು 4 ಮೀಟರ್ ಅಗಲ! ಅದರ ಮೇಲೆ ಫೋನಿನ ಜಿಪಿಎಸ್ ಬಯಲಿನಲ್ಲೂ ಹೆಚ್ಚುಕಡಿಮೆ 5 ಮೀಟರ್ ಆಚೀಚೆ ಆಗುತ್ತದೆ. 30-40ರ ಸೈಟಿನ ಅಗಲವೇ 9 ಮೀಟರ್ ಚಿಲ್ಲರೆ. ಹಾಗಿರುವಾಗ ಆ್ಯಪ್ ತೋರಿಸಿ ಪಕ್ಕದವರ ಜೊತೆ ಬೇಲಿ ಜಗಳಕ್ಕೆ ಹೋದರೆ ಗೆಲ್ಲುವುದು ಲಾಯರ್ ಮಾತ್ರ. ಗಡಿಯ ಪ್ರಶ್ನೆ ಬಂದರೆ ಸರ್ವೆಯವರೇ ಬಂದು ಅಳೆಯಬೇಕು.

ಈಗ ನೀರಿನ ಮಾತಿಗೆ ಬರೋಣ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ನೆಲದ ಎತ್ತರ ಅಳೆಯಿತು. 30 ಮೀಟರ್ ಚೌಕಕ್ಕೆ ಒಂದರಂತೆ ಇರುವ ಆ ಎತ್ತರದ ಅಂಕಿಗಳು ಈಗ ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಕಂಪ್ಯೂಟರ್ ಮಾಡುವ ಲೆಕ್ಕ ತುಂಬ ಸರಳ. ಒಂದು ಚೌಕದ ಸುತ್ತ 8 ಚೌಕ ಇರುತ್ತವೆ. ಅವುಗಳಲ್ಲಿ ಯಾವ ಕಡೆ ಇಳಿಜಾರು ಜಾಸ್ತಿಯೋ ಆ ಕಡೆ ನೀರು ಹರಿಯುತ್ತದೆ. ಇದನ್ನೇ ಲಕ್ಷಾಂತರ ಚೌಕಗಳಿಗೆ ಮಾಡಿದರೆ ಸಣ್ಣ ಗೆರೆಗಳು ಕೂಡಿ ದೊಡ್ಡ ಗೆರೆಯಾಗಿ, ಹೊಳೆ ಹಳ್ಳಗಳ ಜಾಲವೇ ಪರದೆಯ ಮೇಲೆ ಮೂಡುತ್ತದೆ. ಬೆಂಗಳೂರಿಗೆ ಈ ಲೆಕ್ಕ ಹಾಕಿದರೆ ಊರು ಗುಡ್ಡದ ನೆತ್ತಿಯ ಮೇಲೆ ಕೂತಿರುವುದು, ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ಕಣಿವೆಗಳಿಗೆ ಇಳಿಯುವುದು ಚೆನ್ನಾಗಿ ಕಾಣುತ್ತದೆ.

ಆದರೆ ರೇಡಾರಿಗೆ ಮನೆಯ ತಾರಸಿ ಯಾವುದು, ನೆಲ ಯಾವುದು ಎಂಬ ಭೇದ ಇಲ್ಲ. ಕಟ್ಟಡ ಒತ್ತೊತ್ತಾಗಿರುವ ಬಡಾವಣೆಯಲ್ಲಿ ಅದು ದಾರಿ ತಪ್ಪುತ್ತದೆ. ಇಲ್ಲಿ ಕೈಹಿಡಿಯುವುದು ನಮ್ಮ ಹಳೇ ಗ್ರಾಮನಕ್ಷೆ. ಕೆರೆ ಕಟ್ಟಿದವರು ಇಳಿಜಾರು ನೋಡಿಯೇ ಕಾಲುವೆ ತೋಡಿದ್ದರು. ಸರ್ವೆಯವರು ಕಂದಾಯ ಬಿಡಲು ಅದನ್ನು ಗುರುತು ಮಾಡಿದ್ದರು. ರೇಡಾರಿನ ಲೆಕ್ಕ, ಗ್ರಾಮನಕ್ಷೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಕಾಲುವೆ ಎಲ್ಲಿ ಮಾಯವಾಗಿದೆಯೋ ಅಲ್ಲಿ ನೀರು ನಿಲ್ಲುವುದಕ್ಕೆ ಕಾರಣ ಸಿಗುತ್ತದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಇವು ಎಲ್ಲರಿಗೂ ಗೊತ್ತಿರುವ ಕಥೆ. ಹೆಸರೇ ಇಲ್ಲದ ಸಣ್ಣ ಕಾಲುವೆಗಳ ಕಥೆ ಮಾತ್ರ ಗ್ರಾಮನಕ್ಷೆಯಲ್ಲೇ ಉಳಿದಿದೆ.

ಇದೆಲ್ಲ ಸುಲಭವಾಗಿ ಕೈಗೆ ಬಂದದ್ದಲ್ಲ. ನಕ್ಷೆ ಅಂದರೆ ಮಿಲಿಟರಿ ಗುಟ್ಟು ಎಂಬ ಭಾವನೆ ನಮ್ಮ ಆಡಳಿತದಲ್ಲಿ ಬಹಳ ಕಾಲ ಇತ್ತು. 2016ರಲ್ಲಿ ಕೇಂದ್ರ ಸರ್ಕಾರ ತಂದ ಒಂದು ಕರಡು ಮಸೂದೆಯಲ್ಲಿ, ಒಪ್ಪಿಗೆ ಇಲ್ಲದೆ ನಕ್ಷೆಯ ಮಾಹಿತಿ ಕಲೆಹಾಕಿದರೆ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಜೈಲು ಎಂದಿತ್ತು! ವಿರೋಧ ಎದ್ದು ಅದು ಕಾಯ್ದೆಯಾಗಲಿಲ್ಲ. ಮುಂದಿನ ವರ್ಷವೇ ಸರ್ವೆ ಆಫ್ ಇಂಡಿಯಾ ತನ್ನ 1:50,000 ಅಳತೆಯ ನಕ್ಷೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. 2021ರ ಫೆಬ್ರವರಿ 15ರ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಭಾರತೀಯರು ನಕ್ಷೆ ಮಾಡಲು ಮುಂಚಿತವಾಗಿ ಅನುಮತಿ ಕೇಳಬೇಕಿಲ್ಲ ಎಂದಿತು. ಐದೇ ವರ್ಷದಲ್ಲಿ ಜೈಲಿನ ಮಾತಿನಿಂದ ಇಲ್ಲಿಗೆ! ಆದರೂ ಎಷ್ಟೋ ಇಲಾಖೆಗಳು ಈಗಲೂ ನಕ್ಷೆಯನ್ನು ಬರೀ ಪಿಡಿಎಫ್ ಮಾಡಿ ಹಾಕಿ ಕೈತೊಳೆದುಕೊಳ್ಳುತ್ತವೆ. ಅದನ್ನು ನೋಡಬಹುದು, ಲೆಕ್ಕಕ್ಕೆ ಬಳಸಲು ಬರುವುದಿಲ್ಲ. ಇದನ್ನು ಮುಕ್ತ ಮಾಹಿತಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸರ್ಕಾರ ಕೊಡುವವರೆಗೆ ಕಾಯದೆ ಜನರೇ ನಕ್ಷೆ ಮಾಡುವ ದಾರಿಯೂ ಇದೆ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಹುಟ್ಟಿದ್ದೇ ಹಾಗೆ. ಅಲ್ಲಿನ ಸರ್ಕಾರಿ ನಕ್ಷೆಯ ಮಾಹಿತಿ ಆಗ ದುಬಾರಿಯಾಗಿತ್ತು. ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು, ಊರಿನ ಹೆಸರನ್ನು ಕನ್ನಡದಲ್ಲೂ ಸೇರಿಸಬಹುದು.

ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ ಇದನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟರು. ಯೋಜನೆ ಇಲ್ಲದೆ ಬೆಳೆದ ಊರು ಅದು, ಮಳೆ ಬಂದರೆ ಎಷ್ಟೋ ಬಡಾವಣೆಗಳು ಮುಳುಗುತ್ತವೆ. ‘ರಮಾನಿ ಹುರಿಯಾ’ ಎಂಬ ಆ ಯೋಜನೆಯಲ್ಲಿ 2015ರಿಂದ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಅಲ್ಲಿನ ನಿವಾಸಿಗಳ ಜೊತೆ ಓಣಿ ಓಣಿ ತಿರುಗಿ ಮನೆ, ದಾರಿ, ಚರಂಡಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಏರಿಸಿದರು. ಚರಂಡಿ ಎಲ್ಲಿ ಶುರುವಾಗಿ ಎಲ್ಲಿಗೆ ಸೇರುತ್ತದೆ ಎಂಬುದು ಆಕಾಶದಿಂದ ಕಾಣುವ ವಿಷಯವಲ್ಲ. ನಡೆದೇ ನೋಡಬೇಕು. ಆ ಮಾಹಿತಿ ಪ್ರವಾಹದ ಲೆಕ್ಕಾಚಾರಕ್ಕೆ ಒದಗಿತು, ಹುಡುಗರಿಗೆ ಪಾಠವೂ ಆಯಿತು.

ನಮ್ಮಲ್ಲಿ ನಕ್ಷೆಯ ಪಾಠ ಅಂದರೆ ಇನ್ನೂ ಭಾರತದ ರೂಪರೇಖೆ ಬಿಡಿಸಿ ಸ್ಥಳ ಗುರುತಿಸುವುದೇ ಜಾಸ್ತಿ. ಅದು ಬೇಡ ಅಂತಲ್ಲ. ಆದರೆ ಶಾಲೆಯ ಬಾಗಿಲಲ್ಲೇ ಒಂದು ಒಳ್ಳೆ ಲೆಕ್ಕ ಕಾದಿದೆ. ಶಿಕ್ಷಣ ಹಕ್ಕಿನ ಮಾದರಿ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿ ಮಕ್ಕಳಿಗೆ 1 ಕಿಲೋಮೀಟರ್ ಕಾಲುನಡಿಗೆಯ ಒಳಗೆ, 6ರಿಂದ 8ನೇ ತರಗತಿಯವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಪ್ರತಿ ಶಾಲೆಗೂ ಯುಡೈಸ್ ಕೋಡ್ ಎಂಬ 11 ಅಂಕಿಯ ಗುರುತಿನ ಸಂಖ್ಯೆ ಇದೆ, ಶಾಲೆಯನ್ನು ನಕ್ಷೆಯ ಮೇಲೆ ಒಂದು ಚುಕ್ಕಿಯಾಗಿ ಇಡುವುದು ಕಷ್ಟವಲ್ಲ. ಆ ಚುಕ್ಕಿಯ ಸುತ್ತ 1 ಕಿಲೋಮೀಟರಿನ ವೃತ್ತ ಎಳೆದು, ಒಳಗಿದ್ದ ಮನೆಗಳಿಗೆಲ್ಲ ಶಾಲೆ ಹತ್ತಿರ ಅಂದುಬಿಡುವುದೂ ಸುಲಭ.

ಆದರೆ ಮಕ್ಕಳು ಹಕ್ಕಿಗಳ ಹಾಗೆ ಹಾರಿ ಹೋಗುವುದಿಲ್ಲವಲ್ಲ. ಮಲೆನಾಡು, ಕರಾವಳಿಯಲ್ಲಿ ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ ಇರುತ್ತದೆ, ಅದರ ಮೇಲೆ ಅಡಿಕೆ ಮರದ ದಬ್ಬೆಯ ಕಾಲುಸಂಕ. ಸಂಕ ಇದ್ದರೆ ದಾರಿ ಮುಕ್ಕಾಲು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಆಟಿ ತಿಂಗಳ ಜೋರು ಮಳೆಗೆ ಅದು ಕೊಚ್ಚಿಹೋದರೆ ಡಾಂಬರು ರಸ್ತೆಯ ಸೇತುವೆವರೆಗೆ ಹೋಗಿ ಸುತ್ತಿ ಬರಬೇಕು, ಆಗ ನಾಲ್ಕು ಕಿಲೋಮೀಟರ್ ಆದರೂ ಆದೀತು. ವೃತ್ತದ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ. ದಾರಿಗಳ ಜಾಲದ ಮೇಲೆ ಲೆಕ್ಕ ಹಾಕುವ ತಂತ್ರಾಂಶಕ್ಕೆ ಕಾಣುತ್ತದೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲೇ ಈ ಲೆಕ್ಕ ಮಾಡಬಹುದು. ಆದರೆ ಆ ಸಂಕ ನಕ್ಷೆಯಲ್ಲಿ ಇರಬೇಕು, ಅಷ್ಟೆ. ಉಪಗ್ರಹದ ಕಣ್ಣಿಗೆ ಅದು ಮರಗಳ ಕೆಳಗೆ ಮುಚ್ಚಿಹೋಗಿರುತ್ತದೆ. ಯಾವ ಸಂಕ ಎಲ್ಲಿದೆ, ಯಾವುದು ಯಾವ ತಿಂಗಳಲ್ಲಿ ದಾಟಲು ಆಗುವುದಿಲ್ಲ ಎಂದು ಆ ಶಾಲೆಯ ಆರನೇ ತರಗತಿಯ ಮಕ್ಕಳನ್ನು ಕೇಳಿದರೆ ನಕ್ಷೆ ಬಿಡಿಸಿಯೇ ತೋರಿಸುತ್ತಾರೆ.