‘ಜನಾಂಗ’ ಎಂಬ ಕಾಲಂ ಅಳೆಯುವುದು ಏನನ್ನು?

ಮೈಸೂರು, ಮಂಡ್ಯದ ಕಡೆ ‘ನಿಮ್ಮದು ಯಾವ ಜನಾಂಗ?’ ಎಂದು ಕೇಳಿದರೆ ಉತ್ತರವಾಗಿ ಬರುವುದು ಜಾತಿಯ ಹೆಸರು. ಪಠ್ಯಪುಸ್ತಕದಲ್ಲಿ ಅದೇ ಪದ ಮೈಬಣ್ಣ, ಮುಖಲಕ್ಷಣಗಳಿಂದ ವಿಂಗಡಿಸಿದ ಗುಂಪುಗಳಿಗೆ ಸಲ್ಲುತ್ತದೆ. ಆರೋಗ್ಯ ಸಂಶೋಧನೆಯ ಫಾರಂನಲ್ಲಿ ಇಂಥ ಕಾಲಂ ಇದ್ದಾಗ ಅದು ಅಳೆಯುತ್ತಿರುವುದು ರಕ್ತವನ್ನೋ, ಬಾಳಿದ ಬದುಕನ್ನೋ ಎಂದು ಮೊದಲು ಕೇಳಬೇಕು.

ಅಳೆಯುವ ಹಟ ಹಳೆಯದು. 1901ರ ಜನಗಣತಿಯ ಆಯುಕ್ತರಾಗಿದ್ದ ಹರ್ಬರ್ಟ್ ರಿಸ್ಲಿ, ಮೂಗಿನ ಉದ್ದ-ಅಗಲದ ಅನುಪಾತಕ್ಕೂ ಜಾತಿಗಳ ಮೇಲು-ಕೀಳಿಗೂ ಸಂಬಂಧವಿದೆಯೆಂದು ವಾದಿಸಿದ್ದರು. ಆ ವಾದ ಬಿದ್ದುಹೋಯಿತು. ಅದರ ಹಿಂದಿನ ನಂಬಿಕೆ ವೈದ್ಯಕೀಯದಲ್ಲಿ ಉಳಿಯಿತು. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದಿಂದ ಮೂತ್ರಪಿಂಡದ ಸಾಮರ್ಥ್ಯವನ್ನು ಅಂದಾಜಿಸಲು 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸೂತ್ರವು, ರೋಗಿ ಕಪ್ಪುವರ್ಣೀಯರೆಂದು ನಮೂದಾದರೆ ಫಲಿತಾಂಶವನ್ನು ಸುಮಾರು ಶೇ 20ರಷ್ಟು ಹೆಚ್ಚಿಸಿ ತೋರಿಸುತ್ತಿತ್ತು. ಕಾಗದದ ಮೇಲೆ ಕಿಡ್ನಿ ಚೆನ್ನಾಗಿ ಕಂಡಷ್ಟೂ ಕಸಿಯ ಸರದಿಗೆ ಸೇರುವುದು ತಡವಾಗುತ್ತಿತ್ತು. ಆ ಗುಣಕವನ್ನು ಕೈಬಿಡಬೇಕೆಂದು ಅಲ್ಲಿನ ತಜ್ಞ ಸಂಘಟನೆಗಳು ಶಿಫಾರಸು ಮಾಡಿದ್ದು 2021ರಲ್ಲಿ. ಹೀಗೆ ತಡವಾದವರ ಕಾಯುವ ಅವಧಿಯನ್ನು ಹಿಂದಿನಿಂದ ಲೆಕ್ಕಹಾಕಿ ತಿದ್ದುವ ನಿಯಮ ಜಾರಿಗೆ ಬಂದದ್ದು 2023ರಲ್ಲಿ.

ದಕ್ಷಿಣ ಏಷ್ಯಾದವರಿಗೆ ಹೃದ್ರೋಗ ವಂಶದಿಂದಲೇ ಬರುತ್ತದೆ ಎಂಬ ಮಾತನ್ನು ಪರೀಕ್ಷಿಸುವ ಅವಕಾಶ ಒದಗಿದ್ದು ಮೈಸೂರಿನಲ್ಲಿ. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ದಾಖಲಿಸಿಡಲಾಗಿತ್ತು. ಆ ಮಕ್ಕಳಲ್ಲಿ ಕೆಲವರನ್ನು ನಡುವಯಸ್ಸಿನಲ್ಲಿ ಪತ್ತೆಹಚ್ಚಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗವಿದ್ದರೆ, 3.1 ಕಿಲೋ ಮೀರಿದವರಲ್ಲಿ ಅದು ಶೇ 3. ಒಂದೇ ಊರಿನ, ಒಂದೇ ‘ಜನಾಂಗ’ದವರೆನಿಸಿದವರ ನಡುವಿನ ಈ ಅಂತರ ಬಸಿರಿ ತಾಯಿಯ ಪೋಷಣೆಯತ್ತ ಬೊಟ್ಟು ಮಾಡುತ್ತದೆ.

ಹಾಗೆಂದು ಸಮುದಾಯದ ಹೆಸರನ್ನು ಅಳಿಸಿಬಿಟ್ಟರೂ ಆಗದು. ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡುಗೋಲು ಕಣದ ಗುಣ (ತಂದೆ-ತಾಯಿ ಇಬ್ಬರಿಂದಲೂ ಬಂದರೆ ರಕ್ತದ ಕೆಂಪುಕಣಗಳನ್ನು ಕುಡುಗೋಲಿನಂತೆ ಬಾಗಿಸಿ ಕಾಯಿಲೆ ತರುವ ವಂಶವಾಹಿ ಗುಣ) ಕಂಡುಬಂದದ್ದು 1952ರಲ್ಲಿ ವರದಿಯಾಯಿತು. ಆಫ್ರಿಕಾ, ಅರೇಬಿಯಾ, ಭಾರತಗಳಲ್ಲಿ ಮಲೇರಿಯಾ ಬೇರೂರಿದ್ದ ಕಡೆಗಳಲ್ಲಿ ಈ ಗುಣ ಉಳಿದುಬಂದಿದೆ. ಮೈಬಣ್ಣ ಅದಕ್ಕೆ ಕಾರಣವಲ್ಲ. ಎಚ್.ಡಿ. ಕೋಟೆಯ ಹಾಡಿಗಳ, ಅಂದರೆ ಬುಡಕಟ್ಟು ವಸತಿಗಳ, ಜೇನುಕುರುಬರಿಗೆ ರಕ್ತಪರೀಕ್ಷೆ ತಲುಪಬೇಕಾದರೆ ಅವರನ್ನು ಹೆಸರಿಟ್ಟು ಗುರುತಿಸಲೇಬೇಕು. ಆದರೆ ಕುಡುಗೋಲು ಕಣ ರೋಗದ ನಿರ್ಮೂಲನೆಗಾಗಿ 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಪರೀಕ್ಷೆಯ ಫಲಿತಾಂಶವನ್ನು ಕಾರ್ಡಿನಲ್ಲಿ ಬರೆದುಕೊಡಲಾಗುತ್ತದೆ, ಮದುವೆಗೆ ಮುನ್ನ ಗಂಡು-ಹೆಣ್ಣಿನ ಕಾರ್ಡುಗಳನ್ನು ಹೋಲಿಸಿ ನೋಡುವಂತೆ ಸಲಹೆ ನೀಡಲಾಗುತ್ತದೆ. ಹಾಡಿಯ ಯಜಮಾನ ಒಪ್ಪಿದರೂ ಪ್ರತಿಯೊಬ್ಬರ ಸಮ್ಮತಿಯನ್ನು ಬೇರೆಯಾಗಿಯೇ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸಂಶೋಧಕರಿಗೆ ಹೇಳುತ್ತದೆ. ಆ ಸಮ್ಮತಿ ಕೇಳುವಾಗ, ನಾಳೆ ಬೀಗರು ಈ ಕಾರ್ಡು ತೋರಿಸೆಂದು ಕೇಳಬಹುದು ಎಂಬುದನ್ನೂ ಪರೀಕ್ಷೆಗೆ ಬಂದ ಹಾಡಿಯ ಹುಡುಗಿಗೆ ಅವಳ ಮಾತಿನಲ್ಲೇ ತಿಳಿಸಿರಬೇಕು.